ಹದಿಮೂರರ ಮಗ್ಗಿ ಹೇಳುತ್ತಾ ಓಡಿ

ಧಾರವಾಡದ ಸಪ್ತಾಪುರದಿಂದ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಬರೆದ ಪತ್ರದ ಮುಖ್ಯ ಭಾಗ ಇದು:

"ನನಗೆ 42 ವರ್ಷ. ಬಸ್ ಹಿಡಿಯಲಿಕ್ಕೂ ಓಡಿದವಳಲ್ಲ. ಜನವರಿಯಲ್ಲಿ ಗೆಳತಿಯರ ಜೊತೆ ಶುರು ಮಾಡಿದೆ. ಏಪ್ರಿಲ್‌ನಲ್ಲಿ ನಿಲ್ಲದೆ 5 ಕಿಲೋಮೀಟರ್ ಓಡಿದೆ, 36 ನಿಮಿಷದಲ್ಲಿ. ಅಂದಿನಿಂದ ಪ್ರತಿಸಲ ಅದಕ್ಕಿಂತ ಬೇಗ ಮುಗಿಸಲು ನೋಡುತ್ತೇನೆ. ಆದರೆ ಮಳೆಗಾಲ ಬಂದ ಮೇಲೆ ಮನಸ್ಸೇ ಬರುತ್ತಿಲ್ಲ. ವಾರಕ್ಕೆ ಐದು ದಿನ ಹೋಗುತ್ತಿದ್ದವಳು ಈಗ ಒಂದು ದಿನ ಹೋದರೆ ದೊಡ್ಡದು. ರಾತ್ರಿ ಹತ್ತು ಸಾವಿರ ಹೆಜ್ಜೆ ತುಂಬಿಸಲು ಪಡಸಾಲೆಯಲ್ಲೇ ತಿರುಗುತ್ತೇನೆ. ನಮ್ಮ ಮನೆಯವರು 28 ಸಾವಿರದ ವಾಚು ಕೊಡಿಸುತ್ತೇನೆ ಅಂತಿದ್ದಾರೆ. ಅಷ್ಟು ರೊಕ್ಕದ್ದು ಕಟ್ಟಿಕೊಂಡರೆ ನಾಚಿಕೆಗಾದರೂ ಓಡುತ್ತೇನೇನೋ. ಯಾವುದು ಕೊಳ್ಳಲಿ? ಡಿಸೆಂಬರ್ ಒಳಗೆ ಹಾಫ್ ಮ್ಯಾರಥಾನ್ ಆದೀತಾ?"

ಅಕ್ಕೋರೇ,

ನಿಮ್ಮ ಪತ್ರ ಬಂದು ಎಂಟು ದಿನವಾಯಿತು. ಬರೀ ವಾಚಿನ ಪ್ರಶ್ನೆಯಾಗಿದ್ದರೆ ಅಂದೇ ಉತ್ತರ ಬರೆದು ಮುಗಿಸುತ್ತಿದ್ದೆ. 'ನಾಚಿಕೆಗಾದರೂ ಓಡುತ್ತೇನೇನೋ' ಎಂಬ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಬಸ್ಸಿಗೂ ಓಡದಿದ್ದವರು ನಾಲ್ಕು ತಿಂಗಳಲ್ಲಿ 5 ಕಿಲೋಮೀಟರ್ ನಿಲ್ಲದೆ ಓಡಿದ್ದೀರಿ. ಇದರಲ್ಲಿ ನಾಚಿಕೊಳ್ಳುವುದು ಏನಿದೆ? ಮೊದಲು ಅದರ ಬಗ್ಗೆ ಮಾತಾಡೋಣ. ವಾಚು ಆಮೇಲೆ.

ಪತ್ರದಲ್ಲಿ ಇನ್ನೊಂದು ಸಾಲಿದೆ. ಬರೆದು ಹಾಗೇ ಮುಂದೆ ಹೋಗಿದ್ದೀರಿ: 'ಪ್ರತಿಸಲ ಅದಕ್ಕಿಂತ ಬೇಗ ಮುಗಿಸಲು ನೋಡುತ್ತೇನೆ.' ನನ್ನ ಪ್ರಕಾರ ತೊಂದರೆ ಇರುವುದು ಅಲ್ಲಿ. ಮಳೆ ಬರೀ ನೆವ. ನಿಮ್ಮ ಶಾಲೆಯಲ್ಲಿ ವಾರಕ್ಕೆ ಐದು ದಿನ ವಾರ್ಷಿಕ ಪರೀಕ್ಷೆ ಇಟ್ಟು, ಪ್ರತಿಸಲ ಹಿಂದಿನದಕ್ಕಿಂತ ಜಾಸ್ತಿ ಅಂಕ ತರಲೇಬೇಕು ಎಂದರೆ ಮಕ್ಕಳು ಎಷ್ಟು ದಿನ ಬಂದಾರು? ಮೊದಲ ವಾರ ಹುರುಪಿನಿಂದ ಬರುತ್ತಾರೆ. ಆಮೇಲೆ ಒಬ್ಬೊಬ್ಬರಿಗೇ ಹೊಟ್ಟೆನೋವು ಶುರುವಾಗುತ್ತದೆ. ನಿಮ್ಮ ಕಾಲುಗಳೂ ಈಗ ಅಂಥದ್ದೇ ರಜೆ ಚೀಟಿ ಕಳಿಸುತ್ತಿವೆ.

ಹೊಸದಾಗಿ ಓಡುವವರಿಗೆ ಮೊದಲ ಮೂರು-ನಾಲ್ಕು ತಿಂಗಳು ವೇಗ ತಾನಾಗಿ ಏರುತ್ತದೆ. ಆಮೇಲೆ ಎಲ್ಲರಿಗೂ ನಿಧಾನವಾಗುತ್ತದೆ, ಅಲ್ಲಿ ತಪ್ಪು ಯಾರದೂ ಇಲ್ಲ. ಉಸಿರು ಮತ್ತು ಹೃದಯ ಬೇಗ ಹೊಂದಿಕೊಳ್ಳುತ್ತವೆ. ಮೊಣಕಾಲು, ಹಿಮ್ಮಡಿ, ಮೂಳೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ದೂಡುವುದು, ಸ್ನಾಯುಗಳ ಸುತ್ತ ಸಣ್ಣ ರಕ್ತನಾಳಗಳು ಹೆಚ್ಚುವುದು, ಇವೆಲ್ಲ ನಿಧಾನದ ಓಟದಲ್ಲೇ ಚೆನ್ನಾಗಿ ಆಗುತ್ತವೆ. ದೊಡ್ಡ ದೊಡ್ಡ ಓಟಗಾರರೂ ವಾರದ ಓಟದಲ್ಲಿ ನೂರಕ್ಕೆ 80ರಷ್ಟನ್ನು ಆರಾಮದ ವೇಗದಲ್ಲಿಯೇ ಓಡುತ್ತಾರೆ. ನೀವು ಪೂರ್ತಿ ನೂರಕ್ಕೆ ನೂರನ್ನೂ ಏದುಸಿರು ಬಿಡುತ್ತಾ ಓಡುತ್ತಿದ್ದೀರಿ. ಬೆಳಗ್ಗೆ ಐದೂವರೆಗೆ ಎಚ್ಚರವಾದಾಗ ದೇಹಕ್ಕೆ ನೆನಪಾಗುವುದು ಆ ಏದುಸಿರೇ ತಾನೇ? ಹಾಸಿಗೆ ಬಿಟ್ಟು ಏಳಲಿ ಹೇಗೆ?

ಹಾಗಾದರೆ ಎಷ್ಟು ನಿಧಾನ? ನಿಮಗೆ ಹೇಳಿ ಮಾಡಿಸಿದ ಒಂದು ಅಳತೆ ಇದೆ. ಓಡುತ್ತಾ ಹದಿಮೂರರ ಮಗ್ಗಿ ಹೇಳಿ. ಬಾಯಿಬಿಟ್ಟು, ಕ್ಲಾಸಿನಲ್ಲಿ ಹೇಳಿಸುವ ಹಾಗೆ. 'ಹದಿಮೂರು ಒಂದ್ಲೆ ಹದಿಮೂರು, ಹದಿಮೂರು ಎರಡ್ಲೆ ಇಪ್ಪತ್ತಾರು.' ಒಂದೊಂದು ಸಾಲನ್ನು ಒಂದೇ ಉಸಿರಿನಲ್ಲಿ ಹೇಳುತ್ತಾ ಹತ್ತರವರೆಗೆ ಹೋದರೆ ನಿಮ್ಮ ವೇಗ ಸರಿ. 'ಹದಿಮೂರು ಮೂರ್ಲೆ' ಎಂದು ನಿಂತು ಉಸಿರು ಎಳೆದುಕೊಂಡು 'ಮೂವತ್ತೊಂಬತ್ತು' ಎನ್ನಬೇಕಾದರೆ ಜೋರಾಯಿತು, ಇಳಿಸಿ. ಮಾತಾಡುತ್ತಾ ಓಡಲು ಆಗಬೇಕು ಎಂದು ತರಬೇತುದಾರರು ಎಲ್ಲೆಡೆ ಹೇಳುವುದು ಇದನ್ನೇ. 36 ನಿಮಿಷದ ಓಟ 42 ನಿಮಿಷ ಆಗಬಹುದು. ಆಗಲಿ ಬಿಡಿ. ಯೂನಿವರ್ಸಿಟಿ ಗುಡ್ಡದ ಏರು ಬಂದರೆ ನಡೆಯಿರಿ. ನಮ್ಮ ಧಾರವಾಡದಲ್ಲಿ ಸಪಾಟಾದ ರಸ್ತೆ ಅರ್ಧ ಫರ್ಲಾಂಗ್ ಸಿಕ್ಕರೆ ಹೆಚ್ಚು. ಇಲ್ಲಿ ಕಿಲೋಮೀಟರಿಗೆ ಎಷ್ಟು ನಿಮಿಷ ಎಂಬ ಲೆಕ್ಕ ಹಿಡಿದು ಓಡಿದರೆ ಏರಿನಲ್ಲಿ ಎದೆ ಒಡೆಯುತ್ತದೆ, ಇಳಿಜಾರಿನಲ್ಲಿ ಮೊಣಕಾಲು ಹೋಗುತ್ತದೆ.

ದಿನಗಳನ್ನೂ ಇಳಿಸಿ. ಐದು ಬೇಡ, ಮೂರು ಸಾಕು. ಯಾವ ಮೂರು ಎಂದು ಈಗಲೇ ಗೊತ್ತು ಮಾಡಿ. ಬೆಳಗ್ಗೆ ಎದ್ದು 'ಇವತ್ತು ಹೋಗಲೋ ಬೇಡವೋ' ಎಂದು ಕೇಳಿಕೊಂಡರೆ ಆ ಹೊತ್ತಿನಲ್ಲಿ ಬರುವ ಉತ್ತರ ಒಂದೇ.

ಮತ್ತೆ, ಜೊತೆಗೆ ಯಾರಾದರೂ ಇರಲಿ. ನಾನು ಓಡಲು ಶುರು ಮಾಡಿದ ವರ್ಷ ಜುಲೈನಲ್ಲಿ ಹದಿನೈದು ದಿನ ಬಿಡದೆ ಜಿಟಿಜಿಟಿ ಮಳೆ. ಮೂರನೆಯ ದಿನಕ್ಕೇ ನಾನು ಬಿಟ್ಟಿದ್ದೆ. ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮನ್ ಇದ್ದರು. ಅವರು ಓಡುವವರಲ್ಲ, ನಡೆಯುವವರು. ಬೆಳಗ್ಗೆ ಐದೂಮುಕ್ಕಾಲಿಗೆ ಕೊಡೆಯ ಹಿಡಿಯಿಂದ ನಮ್ಮ ಗೇಟಿನ ಚಿಲಕವನ್ನು ಟಣ್ ಟಣ್ ಎಂದು ಎರಡು ಸಲ ಬಡಿಯುತ್ತಿದ್ದರು. "ಏಳ್ರೀ ಸರ, ಬೆಳಕಾತು." ಅಷ್ಟೇ. ನಾನು ಬರುತ್ತೇನೋ ಇಲ್ಲವೋ ಎಂದು ಕೇಳುತ್ತಿರಲಿಲ್ಲ, ಒಳಗೆ ದೀಪ ಹತ್ತುವವರೆಗೆ ಕೊಡೆ ಬಿಚ್ಚಿಕೊಂಡು ಸುಮ್ನೆ ನಿಂತಿರುತ್ತಿದ್ದರು. ಎಪ್ಪತ್ತರ ಹಿರಿಯರು ಮಳೆಯಲ್ಲಿ ನಿಂತಿರುವಾಗ ನಾನು ಹೊದ್ದು ಮಲಗಲಿ ಹೇಗೆ? ಅವರು ಕೆರೆಯ ಕಡೆ ನಡೆಯುತ್ತಿದ್ದರು, ನಾನು ಓಡಿ ಮುಂದೆ ಹೋಗಿ ತಿರುಗಿ ಬಂದು ಅವರನ್ನು ಕೂಡುತ್ತಿದ್ದೆ. ನನ್ನ ಓಟ ಉಳಿದದ್ದು ಆ ಎರಡು ಬಡಿತದಿಂದ. ನಿಮ್ಮ ಗೆಳತಿಯರಲ್ಲಿ ಒಬ್ಬರಿಗೆ ಹೇಳಿ, ನೀವು ಅವರ ಗೇಟು ಬಡಿಯಿರಿ. ಒಬ್ಬರ ಗೇಟು ಬಡಿಯುವ ಜವಾಬ್ದಾರಿ ಇದ್ದರೆ ಏಳಲೇಬೇಕಾಗುತ್ತದೆ. ಹೊರಗೆ ಬಂದು ಹತ್ತು ನಿಮಿಷ ಓಡಿದ ಮೇಲೂ ಬೇಡವೆನಿಸಿದರೆ ಮನೆಗೆ ಮರಳಿ. ಅದಕ್ಕೆ ಬೇಜಾರು ಬೇಡ. ಹತ್ತು ನಿಮಿಷ ಆದ ಮೇಲೆ ಮರಳುವವರು ಕಡಿಮೆ.

ಈಗ ವಾಚು.

ನೀವು ಹೇಗೂ ಫೋನ್ ಒಯ್ಯುತ್ತೀರಿ. ನಸುಕಿನಲ್ಲಿ ಹೊರಡುವ ಹೆಣ್ಣುಮಕ್ಕಳು ಒಯ್ಯಲೇಬೇಕು. ದೂರ ಅಳೆಯಲು ಆ ಫೋನೇ ಸಾಕು, ಅದರ ಜಿಪಿಎಸ್ ಏನೂ ಕಮ್ಮಿ ಇಲ್ಲ. ಅದಕ್ಕೇ ಹೇಳುತ್ತೇನೆ, ದೀಪಾವಳಿಯವರೆಗೆ ವಾಚು ಕೊಳ್ಳಬೇಡಿ. ವಾರಕ್ಕೆ ಮೂರು ದಿನ ಮಗ್ಗಿಯ ವೇಗದಲ್ಲಿ ಓಡಿ. ಆಗಲೂ ಬೇಕೆನಿಸಿದರೆ ಕೊಳ್ಳಿ. ಆಗ ಕೊಂಡದ್ದು ಉಪಯೋಗಕ್ಕೆ ಬರುತ್ತದೆ.

ಕೊಳ್ಳುವಾಗ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು: "ಇದರೊಳಗೇ ಜಿಪಿಎಸ್ ಐತೇನ್ರಿ, ಇಲ್ಲಾ ಫೋನಿಂದ ತಗೋತೈತಿ?" ಎರಡು-ಮೂರು ಸಾವಿರದ ವಾಚುಗಳಲ್ಲಿ ಹೆಚ್ಚಿನವು ಫೋನಿನ ಜಿಪಿಎಸ್ಸನ್ನೇ ಬಳಸುತ್ತವೆ. ಫೋನ್ ಜೊತೆಗಿಲ್ಲದಿದ್ದರೆ ಹೆಜ್ಜೆ ಎಣಿಸಿ ದೂರವನ್ನು ಅಂದಾಜು ಮಾಡುತ್ತವೆ. ಡಬ್ಬಿಯ ಮೇಲೆ 'ಜಿಪಿಎಸ್' ಎಂದು ದೊಡ್ಡದಾಗಿ ಬರೆದಿದ್ದರೂ ಈ ಪ್ರಶ್ನೆ ಕೇಳಿ. ಎರಡನೆಯದು ಗುಂಡಿ. ಪರದೆ ಮುಟ್ಟಿಯೇ ನಡೆಸುವ ವಾಚು ಮಳೆಯಲ್ಲಿ, ಬೆವರಿನಲ್ಲಿ ಮಾತು ಕೇಳುವುದಿಲ್ಲ. ಶುರು ಮಾಡಲು, ನಿಲ್ಲಿಸಲು ಒತ್ತುವ ಗುಂಡಿ ಇರಲೇಬೇಕು. ಮೂರನೆಯದು ಬ್ಯಾಟರಿ. ಜಿಪಿಎಸ್ ಹಾಕಿದಾಗ ಎಷ್ಟು ಗಂಟೆ ಬರುತ್ತದೆ ಎಂದು ಕೇಳಿ. ಸುಮ್ಮನೆ ಕಟ್ಟಿಕೊಂಡರೆ ಎಷ್ಟು ದಿನ ಎಂಬುದು ಬೇರೆ ಲೆಕ್ಕ. ಇನ್ನು ನಕಾಶೆ, ಹಾಡು, ರಕ್ತದ ಆಮ್ಲಜನಕ, ಎರಡೆರಡು ರೇಡಿಯೋ ಅಲೆಯಲ್ಲಿ ಉಪಗ್ರಹದ ಸಂಕೇತ ಹಿಡಿಯುವ ಜಿಪಿಎಸ್, 28 ಸಾವಿರದಲ್ಲಿ ಇಂಥವಕ್ಕೇ ಹೆಚ್ಚು ರೊಕ್ಕ ಹೋಗುತ್ತದೆ. ಎರಡು ಅಲೆಯ ಜಿಪಿಎಸ್ ಬೇಕಾಗುವುದು ಎತ್ತರದ ಕಟ್ಟಡಗಳ ನಡುವೆ ಓಡುವವರಿಗೆ. ಕೆಲಗೇರಿ ರಸ್ತೆಗೆ ಅದು ಬೇಡ. ಕೃಷಿ ವಿಶ್ವವಿದ್ಯಾಲಯದ ದಟ್ಟ ಮರಗಳ ಕೆಳಗೆ ಸಾದಾ ಜಿಪಿಎಸ್ ಸ್ವಲ್ಪ ಆಚೀಚೆ ಆಗಬಹುದು, ಅಷ್ಟಕ್ಕೆ ಹತ್ತು ಸಾವಿರ ಜಾಸ್ತಿ ಕೊಡಬೇಕಾಗಿಲ್ಲ. ಗಾರ್ಮಿನ್ ಕಂಪನಿ 2003ರಲ್ಲೇ ಫೋರ್‌ರನ್ನರ್ ಹೆಸರಿನ ಓಟದ ವಾಚು ತಂದಿತು. ಅದೇ ಹೆಸರಿನ ಈಗಿನ ವಾಚುಗಳಲ್ಲಿ ಕೆಳಗಿನ ದರ್ಜೆಯವು ನಿಮ್ಮ ಕೆಲಸಕ್ಕೆ ಸಾಕು. ಕೋರೋಸ್, ಅಮೇಜ್‌ಫಿಟ್ ಕಂಪನಿಗಳವನ್ನೂ ನೋಡಿ. ಮಣಿಕಟ್ಟಿಗೆ ಕಟ್ಟಿಯೇ ನೋಡಿ. ದಪ್ಪ, ಭಾರದ್ದಾದರೆ ನಿಮ್ಮ ಕೈಗೆ ಜೋಲುತ್ತದೆ.

ಎದೆಬಡಿತದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇದರಿಂದ ನಾನೇ ಹೆದರಿದ್ದೇನೆ. ವಾಚಿನ ಹಿಂದೆ ಹಸಿರು ದೀಪ ಮಿನುಗುತ್ತದಲ್ಲ, ಆ ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೆ ಚರ್ಮದ ಕೆಳಗೆ ರಕ್ತ ಹೆಚ್ಚಿದಾಗ ಮರಳುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ವಾಚು ಎಣಿಸುತ್ತದೆ. ಪಟ್ಟಿ ಸಡಿಲವಿದ್ದರೆ ಅಥವಾ ಚಳಿಗೆ ರಕ್ತನಾಳ ಮುದುಡಿದ್ದರೆ ಎಣಿಕೆ ತಪ್ಪುತ್ತದೆ. ಆಗ ಕೆಲವು ಸಲ ಎದೆಬಡಿತ ಬಿಟ್ಟು ನಿಮ್ಮ ಹೆಜ್ಜೆಗಳನ್ನೇ ಎಣಿಸುತ್ತದೆ.

ನನಗೆ 50 ತುಂಬಿದ ವರ್ಷದ ಡಿಸೆಂಬರ್. ಕೆಲಗೇರಿ ಕೆರೆಯ ದಂಡೆ, ಬಾಯಿಂದ ಹೊಗೆ ಬರುವಷ್ಟು ಚಳಿ. ಓಡಲು ಶುರು ಮಾಡಿ ಐದು ನಿಮಿಷವೂ ಆಗಿರಲಿಲ್ಲ, ವಾಚಿನಲ್ಲಿ 171. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ ಎಂದು ಓದಿದ್ದೆ. ಆ ಲೆಕ್ಕಕ್ಕೆ ನನ್ನದು 170. ಕೈಕಾಲು ತಣ್ಣಗಾದವು. ದಂಡೆಯ ಕಲ್ಲಿನ ಮೇಲೆ ಕೂತೆ. ಆಗ ಹೊಳೆಯಿತು, ಎರಡು ಬೆರಳನ್ನು ಗಂಟಲ ಪಕ್ಕ ಇಟ್ಟು ಹದಿನೈದು ಸೆಕೆಂಡ್ ಎಣಿಸಿದೆ. 33. ನಾಲ್ಕರಿಂದ ಗುಣಿಸಿದರೆ 132. ಆದರೆ ನಾನು ಓಡುವಾಗ ನಿಮಿಷಕ್ಕೆ ಇಡುವ ಹೆಜ್ಜೆ ಸುಮಾರು 170! ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿ, ಮೈ ಬಿಸಿಯಾಗುವವರೆಗೆ ನಡೆದು ಮತ್ತೆ ಓಡಿದೆ. 134 ತೋರಿಸಿತು. ಅವತ್ತಿನಿಂದ ಬೆರಳಿನ ಎಣಿಕೆ ಮರೆತಿಲ್ಲ. ಹಾಗೆಂದು ಎದೆನೋವು, ತಲೆಸುತ್ತು ಬಂದರೆ ಎಣಿಸುತ್ತಾ ಕೂಡಬೇಡಿ, ಓಟ ನಿಲ್ಲಿಸಿ ಡಾಕ್ಟರ ಬಳಿ ಹೋಗಿ.

220ರಲ್ಲಿ ವಯಸ್ಸು ಕಳೆಯುವ ಲೆಕ್ಕವೂ ಒರಟು ಅಂದಾಜು. ನಿಮಗೆ ಅದು 178 ಎನ್ನುತ್ತದೆ. ನಿಜವಾದದ್ದು ಹತ್ತು-ಹನ್ನೆರಡು ಹೆಚ್ಚೋ ಕಡಿಮೆಯೋ ಇರಬಹುದು. ಹೆಚ್ಚಿನ ವಾಚುಗಳು ಕೊಂಡ ದಿನ ಇದೇ ಲೆಕ್ಕದಿಂದ, ಬಡಿತ ಎಷ್ಟಿದ್ದರೆ ಆರಾಮ, ಎಷ್ಟಿದ್ದರೆ ಜೋರು ಎಂದು ತೋರಿಸುವ ಬಣ್ಣಬಣ್ಣದ ವಲಯ ಹಾಕಿಕೊಂಡಿರುತ್ತವೆ. ವಾಚು ಕೆಂಪು ತೋರಿಸುತ್ತಿದ್ದರೂ ನೀವು ಆರಾಮಾಗಿ ಮಗ್ಗಿ ಹೇಳುತ್ತಿದ್ದರೆ ಮಗ್ಗಿಯನ್ನೇ ನಂಬಿ. ಪಕ್ಕಾ ಎಣಿಕೆ ಬೇಕೆಂದರೆ ಎದೆಗೆ ಕಟ್ಟುವ ಬೆಲ್ಟ್ ಒಳ್ಳೆಯದು. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲೇ ತಂತಿಯಿಲ್ಲದ ಅಂಥ ಬೆಲ್ಟ್ ತಂದಿತ್ತು. ಇನ್ನೊಂದು ಮಾತು, ಬಳೆ ಇರುವ ಕೈಗೆ ವಾಚು ಕಟ್ಟುವುದಾದರೆ ಓಡುವ ಹೊತ್ತಿಗಾದರೂ ಬಳೆ ತೆಗೆದಿಡಿ. ಬಳೆ ಬಡಿದು ವಾಚು ಅಲುಗಾಡುತ್ತದೆ. ಮಣಿಕಟ್ಟಿನ ಎಲುಬಿಗಿಂತ ಒಂದು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿ.

ಹತ್ತು ಸಾವಿರ ಹೆಜ್ಜೆಗಾಗಿ ರಾತ್ರಿ ಪಡಸಾಲೆ ಸುತ್ತುವುದನ್ನು ನಿಲ್ಲಿಸಿ. ಅದು ವೈದ್ಯಕೀಯ ಅಧ್ಯಯನದಿಂದ ಬಂದ ಲೆಕ್ಕವಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಆದ ಮರುವರ್ಷ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಾಟಕ್ಕೆ ತಂದರು. ಅದರ ಹೆಸರು 'ಮಾನ್ಪೊ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಆ ಹೆಸರೇ ಮುಂದೆ ಲೋಕಕ್ಕೆಲ್ಲ ಗುರಿಯಾಯಿತು. ದಿನವಿಡೀ ಕ್ಲಾಸಿನಲ್ಲಿ ನಿಂತು ದಣಿದಿರುತ್ತೀರಿ. ರಾತ್ರಿ ಮಲಗಿ, ನಿದ್ದೆಯೂ ತರಬೇತಿಯ ಭಾಗವೇ.

ಹಾಫ್ ಮ್ಯಾರಥಾನ್ ಎಂದರೆ 21.1 ಕಿಲೋಮೀಟರ್. ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ಧಾರವಾಡದಷ್ಟು ದೂರ. ಡಿಸೆಂಬರ್‌ಗೆ ಬೇಡ ಎಂದೇ ಹೇಳುತ್ತೇನೆ. ಡಿಸೆಂಬರ್‌ಗೆ 10 ಕಿಲೋಮೀಟರ್ ಇಟ್ಟುಕೊಳ್ಳಿ. ವಾರದ ಮೂರು ಓಟದಲ್ಲಿ ಭಾನುವಾರದ್ದನ್ನು ಮಾತ್ರ ಉದ್ದ ಮಾಡುತ್ತಾ ಹೋಗಿ, ಸಲಕ್ಕೆ ಅರ್ಧ ಕಿಲೋಮೀಟರ್. ಪ್ರತಿ ನಾಲ್ಕನೆಯ ವಾರ ಹೆಚ್ಚಿಸಬೇಡಿ. ಉಳಿದೆರಡು ದಿನ 4-5 ಕಿಲೋಮೀಟರ್ ಸಾಕು. ವೇಗ ನೋಡಲೇಬೇಕು ಎನಿಸಿದರೆ ತಿಂಗಳಿಗೊಮ್ಮೆ ನೋಡಿಕೊಳ್ಳಿ. ಹೀಗೆ ಹೋದರೆ ಮುಂದಿನ ಚಳಿಗಾಲಕ್ಕೆ 21 ನಿಮ್ಮ ಕೈಗೆಟುಕುತ್ತದೆ.

ಯಜಮಾನರು ಪ್ರೀತಿಯಿಂದ ಕೊಡಿಸುತ್ತೇನೆ ಎಂದಿದ್ದಾರೆ, ಬೇಡವೆನ್ನಬೇಡಿ. ಮೊದಲು ಅವರ ಜೊತೆ ಶೂ ಕೊಳ್ಳಲು ಹೋಗಿ. ಪತ್ರದಲ್ಲಿ ಶೂ ಬಗ್ಗೆ ಒಂದಕ್ಷರವೂ ಇಲ್ಲ, ಹಾಗಾಗಿ ನನಗೆ ಅನುಮಾನ. ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಳ್ಳಿ. ಹೆಬ್ಬೆರಳಿನ ಮುಂದೆ ಅರ್ಧ ಇಂಚು ಜಾಗ ಇರಲಿ. ಅಂಗಡಿಯೊಳಗೆ ನಾಲ್ಕು ಹೆಜ್ಜೆ ಓಡಿಯೇ ನೋಡಿ, ಯಾರು ನೋಡಿದರೂ ನೋಡಲಿ.

ಒಂದು ತಿಂಗಳು ಬಿಟ್ಟು ಮತ್ತೆ ಬರೆಯಿರಿ. ಯೂನಿವರ್ಸಿಟಿ ಏರಿನಲ್ಲಿ ಮಗ್ಗಿ ಎಷ್ಟರವರೆಗೆ ಬಂತು ಎಂದು ತಿಳಿಸಿ.