ಆಲಮಟ್ಟಿ ಹಿನ್ನೀರಿನ ಕೆಸರಿನಲ್ಲಿ ತಾಮ್ರ ಹೆಚ್ಚು ಬಂದಿದೆ, ಮಾಲಿನ್ಯ ಎನ್ನಬಹುದೇ? ಬೇರಿಯಂನಿಂದ ಪಾಚಿಯ ಬೆಳವಣಿಗೆ, ಕಾರ್ಬನ್-13ರಿಂದ ಇಂಗಾಲದ ಮೂಲ ಹೇಳಬಹುದೇ?

ಬೇಡ್ರಿ, ಇನ್ನೂ ಹಾಗೆ ಬರೆಯಬೇಡಿ. ತಾಮ್ರ 110 ಪಿಪಿಎಂ (ಹತ್ತು ಲಕ್ಷದಲ್ಲಿ 110 ಭಾಗ), ಅಲ್ಯೂಮಿನಿಯಂ ಶೇ 7.5, ಸಾಗರತಳದ ಕೆಸರಿನ ಸೂತ್ರ ಹಾಕಿದರೆ ಎನ್‌ರಿಚ್‌ಮೆಂಟ್ ಫ್ಯಾಕ್ಟರ್ (ಕೆಸರಿನ ತಾಮ್ರ–ಅಲ್ಯೂಮಿನಿಯಂ ಅನುಪಾತ ಹಿನ್ನೆಲೆಯ ಅನುಪಾತದ ಎಷ್ಟು ಪಟ್ಟು ಎಂಬ ಅಂಕಿ) 2.6. ಇದೇ ಹಿನ್ನೀರಿನ ಕೆಸರು ನೋಡುವಾಗ ನನ್ನ ಹಾಳೆಯಲ್ಲೂ ಇಂಥವೇ ಅಂಕಿಗಳಿದ್ದವು.

ಲೆಕ್ಕ ಕೆಡುವುದು ಛೇದದಲ್ಲಿ. ಆ ಸೂತ್ರ ಹಿನ್ನೆಲೆಯಾಗಿ ಹಿಡಿಯುವುದು ಶೇಲ್ ಎಂಬ, ಜೇಡಿಮಣ್ಣು ಗಟ್ಟಿಯಾಗಿ ಆದ ಕಲ್ಲನ್ನು. ಸರಾಸರಿ ಶೇಲ್‌ನಲ್ಲಿ ತಾಮ್ರ 45 ಪಿಪಿಎಂ, ಅಲ್ಯೂಮಿನಿಯಂ ಶೇ 8. ಅನುಪಾತ 5.6. ನಿಮ್ಮದು 14.7. ಭಾಗಿಸಿದರೆ 2.6 ಬರಲೇಬೇಕು. ಆದರೆ ಕೃಷ್ಣೆ ಮಹಾಬಳೇಶ್ವರದಿಂದ ಮಣ್ಣು ಹೊತ್ತು ತರುವುದು ದಖ್ಖನ್ ಬಸಾಲ್ಟಿನ, ಅಂದರೆ ಲಾವಾ ಆರಿ ಆದ ಕಪ್ಪುಕಲ್ಲಿನ ನಾಡಿನಿಂದ. ಆ ಕಲ್ಲಿನಲ್ಲೇ ತಾಮ್ರ ಸಾಮಾನ್ಯವಾಗಿ 100 ದಾಟುತ್ತದೆ, ನಮ್ಮ ಎರಿಮಣ್ಣು ಹುಟ್ಟಿದ್ದೂ ಅದರಿಂದಲೇ. ಶೇಲ್ ಅಂಕಿಯಿಂದ ಅಳೆದರೆ ಯಾರೂ ಮುಟ್ಟದ ಮಣ್ಣೂ ಮಲಿನವೆಂದೇ ಬರುತ್ತದೆ.

ಸರಿಯಾದ ಹಿನ್ನೆಲೆ ಕೆಸರಿಗಿಳಿಸಿ ಮಾದರಿ ತೆಗೆದ ನಿಮ್ಮ ಕೊಳವೆಯ ತಳದಲ್ಲೇ ಸಿಗಬಹುದು. ನೀರು ನಿಲ್ಲುವ ಮೊದಲು ಅಲ್ಲಿ ಹೊಲವಿತ್ತು. ಮೆತ್ತನೆಯ ಕೆಸರು ಮುಗಿದು ಗಟ್ಟಿ ಮಣ್ಣು, ಬೇರಿನ ಚೂರು ಕಾಣುವಲ್ಲಿಂದ ಇನ್ನೂ ಒಂದಡಿ ಕೆಳಗೆ, ಉಳುಮೆ ತಾಗದ ಮಣ್ಣು ತೆಗೆಯಿರಿ. ಜೊತೆಗೆ ನದಿ ದಂಡೆಯ ಹಳೆಯ ಮೆಕ್ಕಲನ್ನೂ ಅಳೆಯಿರಿ. ಅಲ್ಲಿ ತಾಮ್ರ 100, ಅಲ್ಯೂಮಿನಿಯಂ ಶೇ 7 ಬಂತೆನ್ನಿ: ನಿಮ್ಮ 2.6 ಇಳಿದು 1.03 ಆಗುತ್ತದೆ. ಇದಾದ ಮೇಲೂ ಮೇಲಿನ ಪದರಗಳಲ್ಲಿ ಅನುಪಾತ ಏರುತ್ತಿದ್ದರೆ ಆಗ ಅನುಮಾನ ಪಡಿ. ವಿಜಯಪುರದ ದ್ರಾಕ್ಷಿ ತೋಟಗಳಿಗೆ ಮೈಲುತುತ್ತ ಸಿಂಪಡಿಸುತ್ತಾರೆ, ಅದರ ತಾಮ್ರ ಹಳ್ಳಕ್ಕೆ ಇಳಿಯಬಹುದು. ಸೀಸ ಇನ್ನೂ ಒಳ್ಳೆಯ ಸುಳಿವು, ಏಕೆಂದರೆ ಬಸಾಲ್ಟಿನಲ್ಲಿ ಅದು ಬಲು ಕಡಿಮೆ.

ಮಾದರಿಯನ್ನು ಆಕ್ವಾ ರೀಜಿಯಾದಲ್ಲಿ (ನೈಟ್ರಿಕ್, ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಕರಗಿಸಿದ್ದರೆ ಅಲ್ಯೂಮಿನಿಯಂ ಪೂರ್ತಿ ಹೊರಬಂದಿರುವುದಿಲ್ಲ, ಅನುಪಾತ ಸುಳ್ಳೇ ಉಬ್ಬುತ್ತದೆ. ಹೈಡ್ರೋಫ್ಲೋರಿಕ್ ಆಮ್ಲ ಬೇಕೇಬೇಕು, ಅದೂ ಅನುಭವಿಗಳ ಎದುರಿನಲ್ಲೇ. ಪುಡಿ ಮಾಡಲು ಅಗೇಟ್ ಒರಳು ಬಳಸಿ. ಉಕ್ಕಿನದಾದರೆ ಕ್ರೋಮಿಯಂ ಸೇರುತ್ತದೆ.

ಬೇರಿಯಂನಿಂದ ಪಾಚಿಯ ಬೆಳವಣಿಗೆ ಹೇಳುವ ಯೋಚನೆಯನ್ನಂತೂ ಪೂರ್ತಿ ಬಿಡಿ. ಸಮುದ್ರದಲ್ಲಿ ಸತ್ತ ಪ್ಲವಕಗಳು (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ಕೊಳೆಯುತ್ತ ಇಳಿಯುವಾಗ ಬೇರೈಟ್ (ಬೇರಿಯಂ ಸಲ್ಫೇಟ್) ಹರಳುಗಟ್ಟುತ್ತದೆ, ಬೇಕಾದ ಸಲ್ಫೇಟ್ ಉಪ್ಪುನೀರಿನಲ್ಲಿ ಧಾರಾಳ. ಸಿಹಿನೀರಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಕಾರ್ಬನ್-13 (ಇಂಗಾಲದ ಭಾರದ ರೂಪ; ಮಾನದಂಡಕ್ಕಿಂತ ಸಾವಿರಕ್ಕೆ ಎಷ್ಟು ಕಡಿಮೆ ಎಂದು ಹೇಳುವ ಅಂಕಿ) ಕೂಡ ಇಲ್ಲಿ ದಾರಿ ತಪ್ಪಿಸುತ್ತದೆ. ಕಬ್ಬು, ಜೋಳ ಸಿ4 ಬೆಳೆಗಳು (ದ್ಯುತಿಸಂಶ್ಲೇಷಣೆಯ ಬಗೆ ಬೇರೆ), ಸುಮಾರು −12. ಹೆಚ್ಚಿನ ಗಿಡಮರಗಳದು −27ರ ಆಸುಪಾಸು. ಎರಡೂ ಬೆರೆತ ಹೊಲದ ಮಣ್ಣು −20 ತೋರಿಸಿದರೆ ಅದು ಸಮುದ್ರದ ಪ್ಲವಕದಂತೆಯೇ ಕಾಣುತ್ತದೆ. ಇಂಗಾಲ–ಸಾರಜನಕ ಅನುಪಾತವನ್ನು ಪಕ್ಕದಲ್ಲಿಟ್ಟು ಓದಿ: ಪರಮಾಣು ಲೆಕ್ಕದಲ್ಲಿ ಪಾಚಿಯದು 4ರಿಂದ 10, ನೆಲದ ಸಸ್ಯಗಳದು 20ರ ಮೇಲೆ, ಹೊಲದ ಮಣ್ಣಿನದು ನಡುವೆ. ಯಂತ್ರ ತೂಕದ ಲೆಕ್ಕ ಕೊಟ್ಟಿದ್ದರೆ 1.17ರಿಂದ ಗುಣಿಸಿ.

ಘಟಪ್ರಭೆಯ ಕಡೆಯ ಮಾದರಿಗಳಲ್ಲಿ ಕಲಾದಗಿಯ ಸುಣ್ಣಕಲ್ಲು, ಡಾಲಮೈಟ್ ಬೆರೆತಿರಬಹುದು. ಅವುಗಳ ಇಂಗಾಲ ಲೆಕ್ಕಕ್ಕೆ ಸೇರದಂತೆ ಮಾದರಿಯನ್ನು 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಗುಳ್ಳೆ ಪೂರ್ತಿ ನಿಲ್ಲುವವರೆಗೆ ಇಡಿ. ಡಾಲಮೈಟ್ ತಣ್ಣನೆಯ ಆಮ್ಲದಲ್ಲಿ ಬಹಳ ನಿಧಾನ, ಸ್ವಲ್ಪ ಬೆಚ್ಚಗೆ ಮಾಡಿ. ಸಾರಜನಕವನ್ನು ಮಾತ್ರ ಆಮ್ಲ ಸೋಕದ ಪಾಲಿನಲ್ಲೇ ಅಳೆಯಿರಿ. ತೊಳೆಯುವಾಗ ಅದರಲ್ಲೊಂದಿಷ್ಟು ನೀರಿನೊಡನೆ ಹೋಗಿಬಿಡುತ್ತದೆ.