ಓದುಗರ ಪ್ರಶ್ನೆ: ಪಾಸ್‌ವರ್ಡ್ ಕೊಟ್ಟೊಡನೆ ಬೀಳುವ ಮೇಲ್ ಸರ್ವರ್

ಪ್ರಶ್ನೆ: ನಮ್ಮ ಮೇಲ್ ಸರ್ವರ್ ನಡೆಯುವುದು ಪೋಸ್ಟ್‌ಫಿಕ್ಸ್ ಎಂಬ ಪ್ರೋಗ್ರಾಂನಲ್ಲಿ. ಲಾಗಿನ್ ಪರಿಶೀಲನೆಗೆ ನಾವೇ ಕಂಪೈಲ್ ಮಾಡಿದ ಸೈರಸ್ ಸಾಸ್ಲ್ ಎಂಬ ಲೈಬ್ರರಿ ಇದೆ, ಪಾಸ್‌ವರ್ಡ್‌ಗಳು ಸಾಸ್ಲ್‌ಡಿಬಿ ಫೈಲ್‌ನಲ್ಲಿವೆ. ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿ ಹಾಕಿದ ಮೇಲೆಯೂ ಹೊರಗಿನಿಂದ ಮೇಲ್ ಸರಾಗವಾಗಿ ಬರುತ್ತಿದೆ. ಆದರೆ ನಮ್ಮವರು ಮೇಲ್ ಕಳಿಸಲು ಬಳಸುವ 587ನೇ ಪೋರ್ಟ್‌ನಲ್ಲಿ ಯಾರಾದರೂ ಪಾಸ್‌ವರ್ಡ್ ಕೊಟ್ಟರೆ ಸಾಕು, ಸಂಪರ್ಕ ಕಡಿದುಹೋಗುತ್ತದೆ. ಆಮೇಲೆ ಒಂದು ನಿಮಿಷದಷ್ಟು ಹೊತ್ತು ಬೇರೆಯವರಿಗೂ ಉತ್ತರವಿಲ್ಲ. 'ಎಲ್‌ಡಿಡಿ' ಓಡಿಸಿದರೆ ಎಲ್ಲ ಲೈಬ್ರರಿಗಳೂ ಸರಿಯಾಗಿಯೇ ಕಾಣುತ್ತವೆ. ದೋಷ ಎಲ್ಲಿದೆ?

ಉತ್ತರ: ಮೊದಲು ಒಂದು ಸಮಾಧಾನ: ಮೇಲ್ ಕಳೆದುಹೋಗುವುದಿಲ್ಲ. ಕ್ಯೂನಲ್ಲಿರುವುದು ಡಿಸ್ಕ್‌ನಲ್ಲೇ ಇರುತ್ತದೆ. ಹೊರಗಿನ ಸರ್ವರ್‌ಗಳೂ ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಕನಿಷ್ಠ 4-5 ದಿನ ಬಿಡದೆ ಪ್ರಯತ್ನಿಸಬೇಕು ಎಂದು ಮೇಲ್ ರವಾನೆಯ ಮಾನದಂಡವಾದ ಆರ್‌ಎಫ್‌ಸಿ 5321 ಹೇಳುತ್ತದೆ. ಆದ್ದರಿಂದ ಗಾಬರಿಯಲ್ಲಿ ಏನನ್ನೂ ಅಳಿಸಬೇಡಿ. ದುರಸ್ತಿ ಮುಗಿಯುವವರೆಗೆ 'ಸಾಫ್ಟ್ ಬೌನ್ಸ್' ಸೆಟ್ಟಿಂಗನ್ನು 'ಯೆಸ್' ಮಾಡಿಡಿ. ಆಗ ಶಾಶ್ವತ ನಿರಾಕರಣೆಗಳೆಲ್ಲ ತಾತ್ಕಾಲಿಕವಾಗುತ್ತವೆ, ನಡುವೆ ಏನಾದರೂ ತಪ್ಪಿದರೂ ಮೇಲ್ ವಾಪಸ್ ಹೋಗುವುದಿಲ್ಲ.

ಆ ಒಂದು ನಿಮಿಷದ ಮೌನಕ್ಕೆ ಕಾರಣ ಲಾಗ್‌ನಲ್ಲೇ ಸಿಗುತ್ತದೆ. ಎಸ್‌ಎಂಟಿಪಿಡಿ (ಸಂಪರ್ಕಗಳನ್ನು ಸ್ವೀಕರಿಸುವ ಪೋಸ್ಟ್‌ಫಿಕ್ಸ್ ಪ್ರೊಸೆಸ್) 'ಸಿಗ್ನಲ್ 11'ರಿಂದ, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿ, ಸತ್ತಿತು ಎಂಬ ಸಾಲು, ಅದರ ಬೆನ್ನಿಗೇ 'ಥ್ರಾಟ್ಲಿಂಗ್' ಎಂಬ ಸಾಲು ಇರಬೇಕು. ಒಂದು ಪ್ರೊಸೆಸ್ ಮೊದಲ ಕೆಲಸವನ್ನೇ ಮುಗಿಸದೆ ಸತ್ತರೆ, ಮಾಸ್ಟರ್ ಪ್ರೊಸೆಸ್ ಆ ಸೇವೆಯನ್ನು 60 ಸೆಕೆಂಡ್ ತಡೆಹಿಡಿಯುತ್ತದೆ. ತಡೆ ಆ ಒಂದು ಸೇವೆಗೆ ಮಾತ್ರ, ಹಾಗಾಗಿ ಹೊರಗಿನ ಮೇಲ್ ಬರುವ 25ನೇ ಪೋರ್ಟ್ ಎಂದಿನಂತೆ ನಡೆಯುತ್ತಿದೆ.

ಇನ್ನು ಎಲ್‌ಡಿಡಿ ವಿಷಯ. ಅದು ತೋರಿಸುವುದು ಪ್ರೋಗ್ರಾಂ ಶುರುವಾಗುವಾಗ ಬೇಕಾದ ಲೈಬ್ರರಿಗಳನ್ನು ಮಾತ್ರ. ಸಾಸ್ಲ್ ತನ್ನ ಪ್ಲಗಿನ್‌ಗಳನ್ನು ಪ್ರೋಗ್ರಾಂ ಓಡುತ್ತಿರುವಾಗ 'ಡಿಎಲ್‌ಓಪನ್' ಮೂಲಕ ಎಳೆದುಕೊಳ್ಳುತ್ತದೆ, ಅವು ಎಲ್‌ಡಿಡಿ ಪಟ್ಟಿಯಲ್ಲಿ ಬರುವುದೇ ಇಲ್ಲ. ನೋಡಬೇಕಾದದ್ದು ಜೀವಂತ ಪ್ರೊಸೆಸ್‌ನ ಒಳಗೆ. ಒಂದು ಟರ್ಮಿನಲ್‌ನಿಂದ 587ಕ್ಕೆ ಟೆಲ್‌ನೆಟ್ ಮಾಡಿ, ಸ್ವಾಗತದ ಸಾಲು ಬಂದ ಮೇಲೆ ಏನನ್ನೂ ಟೈಪ್ ಮಾಡದೆ ಹಾಗೇ ಬಿಡಿ. ಇನ್ನೊಂದು ಟರ್ಮಿನಲ್‌ನಲ್ಲಿ 'ಪಿಎಸ್' ಕೊಟ್ಟು ಎಸ್‌ಎಂಟಿಪಿಡಿಯ ಪ್ರೊಸೆಸ್ ಸಂಖ್ಯೆ ಹುಡುಕಿ. 'ಪ್ರಾಕ್' ಡೈರೆಕ್ಟರಿಯಲ್ಲಿ ಆ ಸಂಖ್ಯೆಯ ಕೆಳಗೆ 'ಮ್ಯಾಪ್ಸ್' ಎಂಬ ಫೈಲ್ ಇರುತ್ತದೆ. ಅದರಲ್ಲಿ 'ಲಿಬ್‌ಡಿಬಿ' (ಬರ್ಕ್ಲಿ ಡಿಬಿ ಎಂಬ ಡೇಟಾಬೇಸ್ ಲೈಬ್ರರಿಯ ಫೈಲ್) ಎಂದು ಗ್ರೆಪ್ ಮಾಡಿ. ಲಿಬ್‌ಡಿಬಿ 5.3 ಮತ್ತು ಲಿಬ್‌ಡಿಬಿ 4.8 ಎರಡೂ ಕಂಡರೆ ರೋಗ ಸಿಕ್ಕಿತು: ಹೊಸದು ಪೋಸ್ಟ್‌ಫಿಕ್ಸ್ ತಂದದ್ದು, ಹಳೆಯದು ನಿಮ್ಮ ಸಾಸ್ಲ್‌ಡಿಬಿ ಪ್ಲಗಿನ್ ತಂದದ್ದು.

ಎರಡು ಆವೃತ್ತಿ ಒಟ್ಟಿಗಿದ್ದರೆ ಏನಾಗುತ್ತದೆ? ಬರ್ಕ್ಲಿ ಡಿಬಿಯ ಈ ಎರಡೂ ಆವೃತ್ತಿಗಳಲ್ಲಿ 'ಡಿಬಿ ಕ್ರಿಯೇಟ್' ಎಂಬ ಫಂಕ್ಷನ್ ಇದೆ. ಹೆಸರಿಗೆ ಆವೃತ್ತಿಯ ಗುರುತು ಇಲ್ಲದಿದ್ದರೆ ಡೈನಮಿಕ್ ಲಿಂಕರ್ ಮೊದಲು ಲೋಡ್ ಆದ ಲೈಬ್ರರಿಯದನ್ನೇ ಎಲ್ಲರಿಗೂ ಕೊಡುತ್ತದೆ. 4.8ಕ್ಕೆಂದು ಕಂಪೈಲ್ ಆದ ಪ್ಲಗಿನ್ ಕೈಗೆ 5.3 ಕಟ್ಟಿಕೊಟ್ಟ ಸ್ಟ್ರಕ್ಚರ್ ಬರುತ್ತದೆ. ಆ ಸ್ಟ್ರಕ್ಚರ್‌ನಲ್ಲಿ 'ಓಪನ್', 'ಗೆಟ್', 'ಕ್ಲೋಸ್' ಮೊದಲಾದವೆಲ್ಲ ಫಂಕ್ಷನ್ ಪಾಯಿಂಟರ್‌ಗಳಾಗಿ ಸಾಲಾಗಿ ಕೂತಿರುತ್ತವೆ, ಆವೃತ್ತಿ ಬದಲಾದಾಗ ಅವುಗಳ ಜಾಗವೂ ಬದಲಾಗಿರುತ್ತದೆ. ಪ್ಲಗಿನ್ ಹಳೆಯ ಲೆಕ್ಕದಲ್ಲಿ ಇಷ್ಟನೇ ಬೈಟ್‌ನಲ್ಲಿ 'ಓಪನ್' ಇದೆಯೆಂದು ಅಲ್ಲಿಗೆ ಜಿಗಿಯುತ್ತದೆ. ಅಲ್ಲಿ ಬೇರೆಯದೇ ಫಂಕ್ಷನ್ ಇರಬಹುದು, ಖಾಲಿಯೂ ಇರಬಹುದು. ಪಾಸ್‌ವರ್ಡ್ ಹುಡುಕುವವರೆಗೆ ಪ್ಲಗಿನ್ ಡಿಬಿಯನ್ನು ಮುಟ್ಟುವುದೇ ಇಲ್ಲವಾದ್ದರಿಂದ ಅಲ್ಲಿಯವರೆಗೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ.

ಕರ್ನಲ್ ಲಾಗ್‌ನ 'ಸೆಗ್‌ಫಾಲ್ಟ್' ಸಾಲಿನಲ್ಲಿ ಒಂದು ಲೈಬ್ರರಿಯ ಹೆಸರು ಇರುತ್ತದೆ. ಅದನ್ನೇ ಅಪರಾಧಿ ಎಂದು ತೀರ್ಮಾನಿಸಬೇಡಿ. ಅದು ಪ್ರೊಸೆಸ್ ಬಿದ್ದ ಜಾಗ ಮಾತ್ರ, ತಳ್ಳಿದವರು ಬೇರೆ ಇರಬಹುದು. ಕೋರ್ ಫೈಲ್ (ಬಿದ್ದ ಕ್ಷಣದ ಮೆಮೊರಿಯ ಪ್ರತಿ) ಇದ್ದರೆ ಜಿಡಿಬಿ ಎಂಬ ಡಿಬಗ್ಗರ್‌ನಲ್ಲಿ 'ಬಿಟಿ' ಕೊಟ್ಟು ಕರೆಗಳ ಸರಪಳಿ ನೋಡಿ: ಮೇಲೆ ಲಿಬ್‌ಡಿಬಿ 5.3, ಅದರ ಕೆಳಗೆ ಸಾಸ್ಲ್‌ಡಿಬಿ ಪ್ಲಗಿನ್ ಬಂದರೆ ಮತ್ತೆ ಸಂಶಯ ಬೇಡ. ಎಸ್‌ಎಂಟಿಪಿಡಿ ರೂಟ್ ಆಗಿ ಶುರುವಾಗಿ ಬಳಕೆದಾರ ಗುರುತು ಬದಲಿಸುವುದರಿಂದ ಕೆಲವು ಯಂತ್ರಗಳಲ್ಲಿ ಕೋರ್ ಫೈಲ್ ಹುಟ್ಟುವುದಿಲ್ಲ. 'ಎಫ್‌ಎಸ್ ಡಾಟ್ ಸುಯಿಡ್ ಡಂಪಬಲ್' ಎಂಬ ಕರ್ನಲ್ ಸೆಟ್ಟಿಂಗ್‌ನ ಮೌಲ್ಯವನ್ನು 2 ಮಾಡಿ ಮತ್ತೆ ನೋಡಿ.

ಪರಿಹಾರಕ್ಕೆ ಕೈಹಾಕುವ ಮುನ್ನ ಸಾಸ್ಲ್‌ಡಿಬಿ ಫೈಲ್‌ನ ಪ್ರತಿ ತೆಗೆದಿಡಿ. ಸಿಸ್ಟಂ ಪ್ಯಾಕೇಜಿನ ಸಾಸ್ಲ್ ಮತ್ತು ಅದರ ಡಿಬಿ ಮಾಡ್ಯೂಲ್ ಹಾಕಿಕೊಳ್ಳಿ, ಅವು ಪೋಸ್ಟ್‌ಫಿಕ್ಸ್ ಬಳಸುವ ಡಿಬಿಗೇ ಲಿಂಕ್ ಆಗಿರುತ್ತವೆ. ನೀವು ಕಂಪೈಲ್ ಮಾಡಿದ್ದನ್ನು 'ಲೋಕಲ್' ಕೆಳಗಿನ 'ಲಿಬ್' ಡೈರೆಕ್ಟರಿಯಿಂದ ಆಚೆಗೆ ಸರಿಸಿ 'ಎಲ್‌ಡಿಕಾನ್ಫಿಗ್' ಓಡಿಸಿ. ಡೆಬಿಯನ್ ಬಗೆಯ ಸಿಸ್ಟಂಗಳಲ್ಲಿ ಹುಡುಕಾಟ ಆ ಡೈರೆಕ್ಟರಿಯಿಂದಲೇ ಶುರುವಾಗುತ್ತದೆ, ಅಲ್ಲಿ ಹಳೆಯ ಫೈಲ್ ಉಳಿದರೆ ಹೊಸ ಪ್ಯಾಕೇಜ್ ಹಾಕಿಯೂ ಪ್ರಯೋಜನವಿಲ್ಲ. ಹಳೆಯ ಡೇಟಾವನ್ನು 4.8ರ 'ಡಂಪ್' ಸಾಧನದಿಂದ ಪಠ್ಯವಾಗಿ ತೆಗೆದು 5.3ರ 'ಲೋಡ್' ಸಾಧನದಿಂದ ಹೊಸ ಫೈಲ್‌ಗೆ ತುಂಬಿ. ಹೊಸ ಫೈಲ್‌ನ ಒಡೆತನ, ಅನುಮತಿಗಳು ಹಳೆಯದರಂತೆಯೇ ಇರಲಿ. ಇದನ್ನು ಮರೆತರೆ ಕ್ರ್ಯಾಶ್ ನಿಂತರೂ ಲಾಗಿನ್ ಆಗದು, ದೋಷ ಹೋಗಿಲ್ಲವೆಂದು ಮತ್ತೆ ಲೈಬ್ರರಿಗಳ ಹಿಂದೆ ಬೀಳುತ್ತೀರಿ. ಕೊನೆಗೆ 'ರೀಲೋಡ್' ಬೇಡ, ಪೂರ್ತಿ ನಿಲ್ಲಿಸಿ ಮತ್ತೆ ಶುರುಮಾಡಿ. ಮ್ಯಾಪ್ಸ್‌ನಲ್ಲಿ ಯಾವುದಾದರೂ ಲೈಬ್ರರಿಯ ಮುಂದೆ 'ಡಿಲೀಟೆಡ್' ಎಂದಿದ್ದರೆ ಆ ಪ್ರೊಸೆಸ್ ಇನ್ನೂ ಹಳೆಯದನ್ನೇ ಹಿಡಿದುಕೊಂಡಿದೆ.

ಡವ್‌ಕಾಟ್ (ಮೇಲ್‌ಬಾಕ್ಸ್ ಓದಲು ಕೊಡುವ ಸರ್ವರ್) ಕೂಡ ಅದೇ ಯಂತ್ರದಲ್ಲಿದ್ದರೆ ನಮ್ಮ ಸಲಹೆ ಇನ್ನೂ ಸರಳ: ಸೈರಸ್ ಸಾಸ್ಲ್ ಬಿಟ್ಟು ಪರಿಶೀಲನೆಯನ್ನು ಡವ್‌ಕಾಟ್‌ಗೆ ಒಪ್ಪಿಸಿ. ಆಗ ಎಸ್‌ಎಂಟಿಪಿಡಿ ಒಂದು ಸಾಕೆಟ್ ಮೂಲಕ ಪ್ರಶ್ನೆ ಕೇಳಿ ಉತ್ತರ ಪಡೆಯುತ್ತದೆ ಅಷ್ಟೆ, ಪ್ಲಗಿನ್‌ಗಳು ಅದರ ಮೆಮೊರಿಯೊಳಗೆ ಬರುವುದೇ ಇಲ್ಲ.

ಪ್ರಶ್ನೆ: ಹಳೆಯ ಪ್ರೋಗ್ರಾಂ ಒಂದು 'ಲಿಬ್‌ಎಸ್‌ಎಸ್‌ಎಲ್ 1.1' (ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ಭಾಗ) ಕೇಳುತ್ತಿದೆ, ಯಂತ್ರದಲ್ಲಿರುವುದು 3. ಹೊಸದಕ್ಕೆ ಹಳೆಯ ಹೆಸರಿನ ಸಿಮ್‌ಲಿಂಕ್ ಮಾಡಬಹುದೇ?

ಉತ್ತರ: ಬೇಡ. ಹೆಸರಿನ ಕೊನೆಯ ಸಂಖ್ಯೆ ಬದಲಾಗಿದೆ ಎಂದರೆ ಒಂದರ ಜಾಗದಲ್ಲಿ ಇನ್ನೊಂದು ನಡೆಯದು ಎಂದೇ ಅರ್ಥ. ಪ್ರೋಗ್ರಾಂನಲ್ಲಿ ಆವೃತ್ತಿ ಗುರುತುಗಳಿದ್ದರೆ ಅದು ಶುರುವೇ ಆಗುವುದಿಲ್ಲ, ಅದೇ ಒಳ್ಳೆಯದು. ಗುರುತುಗಳಿಲ್ಲದಿದ್ದರೆ ಶುರುವಾಗಿ, ಒಂದಷ್ಟು ಹೊತ್ತು ಓಡಿ, ಟಿಎಲ್‌ಎಸ್ (ಗೂಢಲಿಪಿ ಸಂಪರ್ಕ) ನಡುವೆ ಬೀಳುತ್ತದೆ. ಓಪನ್‌ಎಸ್‌ಎಸ್‌ಎಲ್ 1.1.1ಕ್ಕೆ ಸಾರ್ವಜನಿಕ ಭದ್ರತಾ ತಿದ್ದುಪಡಿಗಳು 2023ರ ಸೆಪ್ಟೆಂಬರ್‌ನಲ್ಲೇ ನಿಂತಿವೆ. ಪ್ರೋಗ್ರಾಂ ಅನ್ನು 3ಕ್ಕೆ ಮತ್ತೆ ಕಂಪೈಲ್ ಮಾಡಿಸಿ.

ಪ್ರಶ್ನೆ: ಕಂಪೈಲ್ ಆದ ಓಪನ್‌ಎಸ್‌ಎಸ್‌ಎಲ್ ಆವೃತ್ತಿಯೂ ಓಡುತ್ತಿರುವ ಆವೃತ್ತಿಯೂ ಹೊಂದುತ್ತಿಲ್ಲವೆಂದು ಪೋಸ್ಟ್‌ಫಿಕ್ಸ್ ಎಚ್ಚರಿಸುತ್ತದೆ. ಮೇಲ್ ಮಾತ್ರ ಹೋಗುತ್ತಿದೆ. ಬಿಟ್ಟುಬಿಡಬಹುದೇ?

ಉತ್ತರ: ಎರಡೂ 3ರ ಸಾಲಿನವೇ ಆಗಿದ್ದು, ಓಡುತ್ತಿರುವುದು ಹೊಸದಾಗಿದ್ದರೆ ಚಿಂತೆಯಿಲ್ಲ. ಆ ಸಾಲಿನೊಳಗೆ ಹಳೆಯ ಪ್ರೋಗ್ರಾಂಗಳು ಕೆಡದಂತೆ ನೋಡಿಕೊಳ್ಳುವುದು ಓಪನ್‌ಎಸ್‌ಎಸ್‌ಎಲ್ ಯೋಜನೆಯ ಘೋಷಿತ ನೀತಿ. ಓಡುತ್ತಿರುವುದು ಹಳೆಯದಾಗಿದ್ದರೆ ಇಂದೇ ಗಮನಿಸಿ: ಎಲ್ಲೋ ಒಂದು ಹಳೆಯ ಪ್ರತಿ ಹುಡುಕಾಟದ ದಾರಿಯಲ್ಲಿ ಮುಂದೆ ಬಂದು ಕೂತಿದೆ.

ಪ್ರಶ್ನೆ: ನಮ್ಮ ಮೇಲ್‌ಬಾಕ್ಸ್ ಪಟ್ಟಿ ಮೈಎಸ್‌ಕ್ಯೂಎಲ್‌ನಲ್ಲಿದೆ. ಅದರ ಕ್ಲೈಂಟ್ ಲೈಬ್ರರಿ ಬೇರೆ ಓಪನ್‌ಎಸ್‌ಎಸ್‌ಎಲ್ ತರುತ್ತದೆ, ಬದಲಿಸುವ ಹಾಗಿಲ್ಲ. ದಾರಿ ಇದೆಯೇ?

ಉತ್ತರ: ಇದೆ. ಸೆಟ್ಟಿಂಗ್‌ಗಳಲ್ಲಿ 'ಮೈಎಸ್‌ಕ್ಯೂಎಲ್' ಎಂಬುದರ ಹಿಂದೆ 'ಪ್ರಾಕ್ಸಿ' ಎಂದು ಬರೆದು ಕೋಲನ್ ಹಾಕಿ. ಹುಡುಕಾಟವೆಲ್ಲ 'ಪ್ರಾಕ್ಸಿಮ್ಯಾಪ್' ಎಂಬ ಬೇರೆ ಪ್ರೊಸೆಸ್‌ಗೆ ಹೋಗುತ್ತದೆ, ಅದು ಟಿಎಲ್‌ಎಸ್ ಕೆಲಸ ಮಾಡುವುದಿಲ್ಲವಾದ್ದರಿಂದ ಅಲ್ಲಿ ಘರ್ಷಣೆಗೆ ಎಡೆಯಿಲ್ಲ. ಆದರೆ ಮೈಎಸ್‌ಕ್ಯೂಎಲ್ ಬೆಂಬಲ ಪ್ರತ್ಯೇಕ ಪ್ಲಗಿನ್ ಆಗಿರಬೇಕು. ಪೋಸ್ಟ್‌ಫಿಕ್ಸ್ 3.0ರಿಂದ ಆ ಅನುಕೂಲ ಇದೆ. ನೇರವಾಗಿ ಲಿಂಕ್ ಆಗಿದ್ದರೆ ಪ್ರಾಕ್ಸಿ ಹಾಕಿದರೂ ಲೈಬ್ರರಿ ಎಲ್ಲ ಪ್ರೊಸೆಸ್‌ಗಳಿಗೂ ಬರುತ್ತದೆ. ಎಸ್‌ಎಂಟಿಪಿಡಿಯ ಎಲ್‌ಡಿಡಿ ಪಟ್ಟಿಯಲ್ಲೇ ಅದು ಕಾಣಿಸುತ್ತದೆ.