ಹಾಡು ಸಪ್ಪೆಯಾಯ್ತು, ದುಡ್ಡು ವಾಪಸ್ ಬರುತ್ತಾ?

ನಾನು ಗ್ರಾಹಕ ಆಯೋಗದಲ್ಲಿ ಕೇಸು ನಡೆಸುವ ವಕೀಲ. ಕೈಗೆ ಸಿಗದ ಫ್ಲ್ಯಾಟು, ತಿರಸ್ಕೃತವಾದ ಇನ್ಶೂರೆನ್ಸು, ಕೆಟ್ಟುಹೋದ ಫ್ರಿಜ್ಜು, ಇವೇ ನನ್ನ ದಿನದ ಕೆಲಸ. ಆದರೆ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ರಾಗ: ಶೋಗೆ ಹೋಗಿದ್ವಿ, ಚೆನ್ನಾಗಿರಲಿಲ್ಲ, ದುಡ್ಡು ಕೊಡಿಸಿ. ಹಿಂದೆಯೂ ಇದಕ್ಕೆ ಉತ್ತರ ಬರೆದಿದ್ದೇನೆ. ಯಾರೂ ಓದಿದಂತಿಲ್ಲ. ಟಿಕೆಟ್ ಜೋಪಾನ ಮಾಡಿ, ಬಿಲ್ ಎಸೆಯಬೇಡಿ ಅನ್ನುವುದನ್ನೆಲ್ಲ ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಹೊರವಲಯದ ಮೈದಾನದಲ್ಲಿ ನಡೆದ ಸಂಗೀತ ಕಾರ್ಯಕ್ರಮಕ್ಕೆ ತಲಾ 7,500 ರೂಪಾಯಿಯ ನಾಲ್ಕು ಟಿಕೆಟ್ ತೆಗೆದುಕೊಂಡಿದ್ದೆವು. ಸ್ಟೇಜ್ ಪಕ್ಕದ ವಿಶೇಷ ವಿಭಾಗ ಅಂತ ಹೇಳಿದ್ದರು. ಗಾಯಕ ಮೂರು ಗಂಟೆ ತಡವಾಗಿ ಬಂದು ಐವತ್ತು ನಿಮಿಷ ಹಾಡಿ ಹೋದರು. ಅವರ ಮುಖ್ಯ ಹಾಡುಗಳನ್ನೇ ಹಾಡಲಿಲ್ಲ. ಸೌಂಡ್ ಕೆಟ್ಟದಾಗಿತ್ತು. ನಮ್ಮ ಎದುರಿಗೆ ಕ್ಯಾಮೆರಾ ಟವರ್ ಇದ್ದುದರಿಂದ ಸ್ಟೇಜ್ ಅರ್ಧ ಕಾಣಲಿಲ್ಲ. ಟಿಕೆಟ್ ಮೇಲೆ ‘ಹಣ ವಾಪಸ್ ಇಲ್ಲ’ ಎಂದಿದೆ. ಪೂರ್ತಿ ದುಡ್ಡು ಮತ್ತು ಮಾನಸಿಕ ಹಿಂಸೆಗೆ 10 ಲಕ್ಷ ಕೇಳಬಹುದೇ?

ಉತ್ತರ: ಕೇಳಬಹುದು. ಕೇಳಿದರೆ ನ್ಯಾಯಪೀಠದ ಮುಂದೆ ನಿಮ್ಮ ಮರ್ಯಾದೆ ಮೊದಲ ದಿನವೇ ಹೋಗುತ್ತದೆ. 30,000 ರೂಪಾಯಿ ಟಿಕೆಟ್‌ಗೆ 10 ಲಕ್ಷದ ಹಿಂಸೆ ಎಂದು ಬರೆದವರನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ನಿಮ್ಮ ಪತ್ರ ಇನ್ನೊಮ್ಮೆ ಓದಿ ನೋಡಿ. ಗಾಯಕನ ಮೇಲಿನ ಸಿಟ್ಟು ಮೊದಲು ಬಂದಿದೆ, ಟವರ್ ಕೊನೆಗೆ ಬಂದಿದೆ. ಕೇಸಿನಲ್ಲಿ ಇದು ಉಲ್ಟಾ ಆಗಬೇಕು. ನಿಮ್ಮ ಹತ್ತಿರ ಇರುವ ಗಟ್ಟಿ ಕಾಳು ಅಂದರೆ ಆ ಟವರ್ ಒಂದೇ.

ನಾನು ಕುಂದಾಪುರದ ಕಡೆಯವನು. ಟೆಂಟ್ ಮೇಳದ ಯಕ್ಷಗಾನ ಆಟ ನೋಡಿ ಬೆಳೆದವನು. ಬೆಳಗಿನ ಜಾವ ಗದ್ದೆ ಬದುವಿನ ಮೇಲೆ ಮನೆಗೆ ಬರುವಾಗ ನಮ್ಮಪ್ಪ ದಾರಿಯುದ್ದಕ್ಕೂ ಬೈಯುತ್ತಿದ್ದರು: ಭಾಗವತರ ಸ್ವರ ಬಿದ್ದಿದೆ, ಕೊನೆಯ ವೇಷ ಕುಣಿಯಲೇ ಇಲ್ಲ. ಆದರೆ ಟಿಕೆಟ್ ದುಡ್ಡು ಕೇಳಬೇಕು ಅಂತ ಅವರಿಗೆ ಒಂದು ದಿನವೂ ಅನಿಸಲಿಲ್ಲ. ಒಮ್ಮೆ ಮಳೆ ಬಂದು ಆಟ ಶುರುವಾಗುವ ಮೊದಲೇ ನಿಂತುಹೋಯಿತು. ಅವತ್ತು ಅದೇ ಅಪ್ಪ ಟಿಕೆಟ್ ಗೂಡಿನ ಮುಂದೆ ಎಲ್ಲರಿಗಿಂತ ಮೊದಲು ನಿಂತಿದ್ದರು. ಆಟ ಸಪ್ಪೆಯಾಗುವುದು ಬೇರೆ, ಆಟವೇ ಸಿಗದಿರುವುದು ಬೇರೆ. ಅಪ್ಪನಿಗೆ ಇದು ಗೊತ್ತಿತ್ತು. ಐಟಿ ಕಂಪನಿಯಲ್ಲಿ ಕೆಲಸ ಮಾಡುವ ನನ್ನ ಕಕ್ಷಿದಾರರಿಗೆ ಇದನ್ನು ಅರ್ಥ ಮಾಡಿಸಲು ಒಂದು ಗಂಟೆ ಬೇಕಾಗುತ್ತದೆ.

ಸುಪ್ರೀಂ ಕೋರ್ಟ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. 2016ರ ಹಿಂದಿ ಸಿನಿಮಾ ‘ಫ್ಯಾನ್’ ನೋಡಿದ ಒಬ್ಬ ಶಿಕ್ಷಕಿ ದೂರು ಕೊಟ್ಟರು. ಪ್ರಚಾರದಲ್ಲಿ ತೋರಿಸಿದ್ದ ಹಾಡು ಸಿನಿಮಾದಲ್ಲಿ ಇರಲೇ ಇಲ್ಲ ಎಂಬುದು ದೂರು. ಮಹಾರಾಷ್ಟ್ರ ರಾಜ್ಯ ಆಯೋಗ ಪರಿಹಾರ ಕೊಡಿಸಿತು, ರಾಷ್ಟ್ರೀಯ ಆಯೋಗವೂ ಒಪ್ಪಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಪ್ರಚಾರದ ತುಣುಕು ಜನರನ್ನು ಕರೆಯುವುದಕ್ಕೆ ಇರುವುದು, ಅದೇ ಒಂದು ವಾಗ್ದಾನ ಆಗುವುದಿಲ್ಲ ಎಂದಿತು. ಕಲೆಗೆ ಸಂಬಂಧಿಸಿದ ಸೇವೆಯಲ್ಲಿ, ಅದನ್ನು ಹೇಗೆ ತೋರಿಸಬೇಕು ಅನ್ನುವ ಸ್ವಾತಂತ್ರ್ಯ ಕೊಡುವವರಿಗೆ ಇರುತ್ತದೆ ಎಂದೂ ಹೇಳಿತು. ಹಾಗಾಗಿ ಯಾವ ಹಾಡು ಹಾಡಲಿಲ್ಲ ಅನ್ನುವ ಪಟ್ಟಿಯನ್ನು ದೂರಿನಿಂದ ಹರಿದು ಹಾಕಿ. ಐವತ್ತು ನಿಮಿಷದ ವಿಷಯ ಹೇಳುವುದಿದ್ದರೆ, ‘ಎರಡು ಗಂಟೆಯ ಕಾರ್ಯಕ್ರಮ’ ಅಂತ ಎಲ್ಲಿಯಾದರೂ ಬರೆದಿದ್ದರು ಅಂತ ತೋರಿಸಬೇಕು. ಸೌಂಡ್ ಕೆಟ್ಟದಾಗಿತ್ತು ಅಂದರೆ ಎದುರು ಪಕ್ಷದವರು ಇನ್ನೊಬ್ಬ ಪ್ರೇಕ್ಷಕನ ‘ಅದ್ಭುತ’ ಎಂಬ ಪೋಸ್ಟ್ ತಂದು ಇಡುತ್ತಾರೆ. ನಿಮ್ಮ ಭಾಗದ ಸ್ಪೀಕರ್ ಪೂರ್ತಿ ಬಂದ್ ಆಗಿತ್ತು, ಆಯೋಜಕರೇ ಕ್ಷಮೆ ಕೇಳಿದರು ಅಂದರೆ ಅದು ಬೇರೆ ಮಾತು. ಮೂರು ಗಂಟೆ ತಡ ಅನ್ನುವುದಕ್ಕೂ ಮೊದಲು ಟಿಕೆಟ್‌ನಲ್ಲಿರುವ ಸಮಯ ಗೇಟ್ ತೆರೆಯುವುದೋ ಹಾಡು ಶುರುವಾಗುವುದೋ ನೋಡಿಕೊಳ್ಳಿ. ಹತ್ತರಲ್ಲಿ ಎಂಟು ಜನ ನೋಡಿರುವುದಿಲ್ಲ.

ಈಗ ಟವರ್‌ಗೆ ಬನ್ನಿ. ಹತ್ತಿರದಿಂದ ಕಾಣುತ್ತದೆ ಅಂತಲೇ ನಿಮ್ಮಿಂದ ಜಾಸ್ತಿ ದುಡ್ಡು ತೆಗೆದುಕೊಂಡರು. ಕಾಣಲಿಲ್ಲ. ಇದು ರುಚಿಯ ಪ್ರಶ್ನೆ ಅಲ್ಲ. ಮಾರಿದ್ದನ್ನು ಕೊಡಲಿಲ್ಲ ಎಂಬ ಪ್ರಶ್ನೆ. ಇದನ್ನೇ ಕಾನೂನು ಸೇವಾ ನ್ಯೂನತೆ ಎನ್ನುತ್ತದೆ. 2023ರ ಸೆಪ್ಟೆಂಬರ್ 10ರಂದು ಚೆನ್ನೈನಲ್ಲಿ ಎ. ಆರ್. ರೆಹಮಾನ್ ಕಾರ್ಯಕ್ರಮಕ್ಕೆ ಟಿಕೆಟ್ ಇದ್ದವರೇ ಒಳಗೆ ಹೋಗಲಾಗಲಿಲ್ಲ ಅಲ್ವಾ? ಅವರು ಟಿಕೆಟ್ ಪ್ರತಿ ಕಳಿಸಿ ಹಣ ಕೇಳಿದ್ದು ಹಾಡು ಇಷ್ಟವಾಗಲಿಲ್ಲ ಅಂತಲ್ಲ. 2025ರ ಡಿಸೆಂಬರ್ 13ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮೆಸ್ಸಿ ಬಂದರು, ಸ್ವಲ್ಪ ಹೊತ್ತಿಗೆ ಹೊರಟುಹೋದರು. ಸುತ್ತ ಗಣ್ಯರ ಗುಂಪು. ಗ್ಯಾಲರಿಯಲ್ಲಿದ್ದವರಿಗೆ ಸರಿಯಾಗಿ ಕಾಣಲೇ ಇಲ್ಲ. ಜನ ಕುರ್ಚಿ ಮುರಿದರು, ಪೊಲೀಸರು ಆಯೋಜಕರನ್ನು ಬಂಧಿಸಿದರು, ಹಣ ಹಿಂದಿರುಗಿಸುವ ಮಾತು ಅವತ್ತೇ ಬಂತು. ಕುರ್ಚಿ ಮುರಿದವರ ಬಗ್ಗೆ ನನಗೆ ಕನಿಕರ ಇಲ್ಲ. ಆದರೆ ನೋಡಲು ದುಡ್ಡು ಕೊಟ್ಟವನಿಗೆ ಕಾಣಲಿಲ್ಲ ಅನ್ನುವ ದೂರು ಸರಿಯಾದದ್ದೇ.

‘ಹಣ ವಾಪಸ್ ಇಲ್ಲ’ ಎಂಬ ಸಾಲಿಗೆ ಜನ ಹೆದರುವಷ್ಟು ಹೆದರಬೇಕಿಲ್ಲ. ನೀವು ಮನಸ್ಸು ಬದಲಿಸಿದರೆ, ಜ್ವರ ಬಂದು ಮನೆಯಲ್ಲಿ ಮಲಗಿದರೆ ಅದು ಅನ್ವಯಿಸುತ್ತದೆ. ಅವರು ಕೊಡಬೇಕಾದ್ದನ್ನು ಕೊಡದಿದ್ದಾಗ ಅದೇ ಸಾಲು ಅವರನ್ನು ಕಾಪಾಡುವುದಿಲ್ಲ. ಆದರೆ ಒಂದು ಎಚ್ಚರಿಕೆ. ‘ಈ ಷರತ್ತೇ ಅನ್ಯಾಯ’ ಅಂತ ಜಿಲ್ಲಾ ಆಯೋಗದಲ್ಲಿ ಜಗಳ ತೆಗೆಯಬೇಡಿ. ಒಪ್ಪಂದವೇ ಅನ್ಯಾಯದ್ದು ಎಂಬ ದೂರು ಕೇಳುವ ಅಧಿಕಾರವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ರಾಜ್ಯ ಆಯೋಗ ಮತ್ತು ರಾಷ್ಟ್ರೀಯ ಆಯೋಗಕ್ಕೆ ಕೊಟ್ಟಿದೆ. ಸುಮ್ನೆ ಸೇವಾ ನ್ಯೂನತೆ ಅಂತ ಬರೆಯಿರಿ, ಅಷ್ಟು ಸಾಕು.

ಎಷ್ಟು ಕೇಳಬೇಕು? ಪೂರ್ತಿ ಕೇಳಿದರೆ ‘ಕೊನೆವರೆಗೂ ಕೂತು ಕೇಳಿದ್ದೀರಲ್ಲ’ ಎಂಬ ಪ್ರಶ್ನೆ ಬರುತ್ತದೆ. ಅದೇ ಕಾರ್ಯಕ್ರಮದ ಕಡಿಮೆ ಬೆಲೆಯ ಟಿಕೆಟ್ 2,500 ಇತ್ತು ಅಂದುಕೊಳ್ಳೋಣ. ನಿಮಗೆ ಸಿಕ್ಕಿದ್ದು ಅಷ್ಟೇ ಬೆಲೆಯದ್ದು. ತಲಾ 5,000ದಂತೆ 20,000 ಕೇಳಿ, ಜೊತೆಗೆ ದೂರಿನ ಖರ್ಚು ಕೇಳಿ. ಲೆಕ್ಕ ಇರುವ ಬೇಡಿಕೆಗೆ ಎದುರಿನವರು ಸಂಧಾನಕ್ಕೆ ಬರುತ್ತಾರೆ. ಅರ್ಧ ವಾಪಸ್ ಕೊಡುವುದು ಹೊಸದೇನಲ್ಲ. 2022ರ ಜೂನ್ 19ರಂದು ಚಿನ್ನಸ್ವಾಮಿಯಲ್ಲಿ ಭಾರತ–ದಕ್ಷಿಣ ಆಫ್ರಿಕಾ ಟಿ20 ಪಂದ್ಯ 3.3 ಓವರ್‌ಗೆ ಮಳೆಯಿಂದ ನಿಂತಾಗ, ನಿಯಮದ ಪ್ರಕಾರ ಕೊಡಬೇಕಿಲ್ಲದಿದ್ದರೂ ರಾಜ್ಯ ಕ್ರಿಕೆಟ್ ಸಂಸ್ಥೆ ಟಿಕೆಟ್ ದರದ ಶೇ 50ರಷ್ಟು ಹಿಂದಿರುಗಿಸುವುದಾಗಿ ಹೇಳಿತು.

ಯಾರ ಮೇಲೆ ದೂರು? ಗಾಯಕನ ಮೇಲೆ ಅಲ್ಲ, ದಯವಿಟ್ಟು. ಪೋಸ್ಟರ್ ಮೇಲೆ ದೊಡ್ಡದಾಗಿ ಕಾಣುವ ಬ್ರ್ಯಾಂಡ್ ಮೇಲೂ ಅಲ್ಲ, ಅದು ಬರೀ ಪ್ರಾಯೋಜಕರದ್ದಿರಬಹುದು. ಇಮೇಲ್‌ಗೆ ಬಂದ ಟ್ಯಾಕ್ಸ್ ಇನ್‌ವಾಯ್ಸ್ ತೆಗೆದು, ಜಿಎಸ್‌ಟಿ ಸಂಖ್ಯೆಯ ಪಕ್ಕದಲ್ಲಿರುವ ಹೆಸರು ನೋಡಿ. ಆಯೋಜಕರು ಮತ್ತು ಟಿಕೆಟ್ ಮಾರಿದ ಆ್ಯಪ್, ಇಬ್ಬರನ್ನೂ ಸೇರಿಸಿ. ‘ನಾವು ಬರೀ ಮಧ್ಯವರ್ತಿ’ ಅಂತ ಆ್ಯಪ್‌ನವರು ಹೇಳಿಯೇ ಹೇಳುತ್ತಾರೆ. ಹೇಳಲಿ. ಕನ್ವೀನಿಯೆನ್ಸ್ ಫೀ ತೆಗೆದುಕೊಂಡಿದ್ದಾರೆ ತಾನೆ?

ಸಾಕ್ಷಿ ವಿಷಯದಲ್ಲಿ ನಾನು ಒಮ್ಮೆ ಸೋತಿದ್ದೇನೆ, ಅದಕ್ಕೇ ಸ್ವಲ್ಪ ಕಿರಿಕಿರಿ ಮಾಡುತ್ತೇನೆ. ಕಕ್ಷಿದಾರರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೋಗಳನ್ನೇ ಹಾಕಿದ್ದೆ. ತೆಗೆದ ದಿನ, ಸಮಯ ಯಾವುದೂ ಅದರಲ್ಲಿ ಉಳಿದಿರಲಿಲ್ಲ. ಮೂಲ ಫೈಲ್ ಇದ್ದ ಫೋನ್ ಎಕ್ಸ್‌ಚೇಂಜ್‌ಗೆ ಹೋಗಿತ್ತು. ನೀವು ನಿಂತ ಜಾಗದಿಂದ ಸ್ಟೇಜ್ ಕಡೆಗೆ ತೆಗೆದ ವಿಡಿಯೋ ಮೂಲದಲ್ಲೇ ಇರಲಿ. ಆ್ಯಪ್‌ನಲ್ಲಿ ಟಿಕೆಟ್ ಮಾರುವಾಗ ತೋರಿಸಿದ ಮೈದಾನದ ನಕ್ಷೆಯನ್ನು ಈಗಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಆ ನಕ್ಷೆಯಲ್ಲಿ ಟವರ್ ಇಲ್ಲದಿದ್ದರೆ ನಿಮ್ಮ ಕೇಸು ಅರ್ಧ ಗೆದ್ದಂತೆ. ಶೋ ಮುಗಿದ ಮೇಲೆ ಇಂಥ ಪುಟಗಳು ಜಾಸ್ತಿ ದಿನ ಉಳಿಯುವುದಿಲ್ಲ.

ಮೊದಲು ಆ್ಯಪ್‌ನ ದೂರು ಅಧಿಕಾರಿಗೆ ಇಮೇಲ್ ಮಾಡಿ. 48 ಗಂಟೆಯೊಳಗೆ ತಲುಪಿದ್ದಕ್ಕೆ ಉತ್ತರ, ಒಂದು ತಿಂಗಳೊಳಗೆ ಪರಿಹಾರ ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಿ. ಎಷ್ಟೋ ಕೇಸು ಅಲ್ಲೇ ಮುಗಿಯುತ್ತವೆ. ಆಗದಿದ್ದರೆ ಆಯೋಗ. ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆಯೋಜಕರು ಮುಂಬೈಯವರಾದರೂ ಸರಿ. ಟಿಕೆಟ್‌ಗೆ ಕೊಟ್ಟ ಮೊತ್ತ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರೂ ಕಡ್ಡಾಯವಲ್ಲ, ಇದನ್ನು ನಾನೇ ಹೇಳುತ್ತಿದ್ದೇನೆ. ಎರಡು ವರ್ಷದ ಒಳಗೆ ಹೋಗಬೇಕು. ನೋಟಿಸ್ ತಲುಪಿ ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆಯಲ್ಲಿದೆ. ಅದನ್ನು ನಂಬಿ ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಳ್ಳಬೇಡಿ.

ಪ್ರಶ್ನೆ: ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರ್‌ಗೆ ಕರೆ ಮಾಡಿದೆ. ರಿಫಂಡ್‌ಗೆ ಒಂದು ಆ್ಯಪ್ ಹಾಕಿಕೊಳ್ಳಿ ಅಂದರು. ಹಾಕಿಕೊಳ್ಳಲೇ?

ಉತ್ತರ: ಬೇಡ, ಬೇಡ, ಬೇಡ. ನಿಮ್ಮ ಫೋನಿನ ಸ್ಕ್ರೀನ್ ಅವರಿಗೆ ಕಾಣುತ್ತದೆ, ಆಮೇಲೆ ಬ್ಯಾಂಕ್ ಖಾತೆ ಖಾಲಿ. ಈಗಾಗಲೇ ಹಾಕಿದ್ದರೆ ಈ ಅಂಕಣ ಓದುವುದು ಬಿಟ್ಟು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ‘2,000 ಕೊಡಿ, ರಿಫಂಡ್ ಗ್ಯಾರಂಟಿ’ ಎನ್ನುವ ಇನ್‌ಸ್ಟಾಗ್ರಾಂ ಏಜೆಂಟರೂ ಇದೇ ಜಾತಿ. ಗ್ಯಾರಂಟಿ ಕೊಡುವವನು ವಕೀಲನಾಗಿದ್ದರೂ ನಂಬಬೇಡಿ.

ಪ್ರಶ್ನೆ: ಆರ್‌ಸಿಬಿ ಪಂದ್ಯ ಮಳೆಗೆ ಹೋದರೆ?

ಉತ್ತರ: ಒಂದು ಬಾಲ್ ಬಿದ್ದರೂ ದುಡ್ಡು ಮರೆತುಬಿಡಿ. 2019ರ ಏಪ್ರಿಲ್ 30ರಂದು ರಾಜಸ್ಥಾನದ ವಿರುದ್ಧ ಐದೈದು ಓವರ್ ಆಟ ಅರ್ಧಕ್ಕೆ ನಿಂತ ರಾತ್ರಿ ನಾನೂ ನೆನೆದುಕೊಂಡು ಮನೆಗೆ ಬಂದವನೇ. 2025ರ ಮೇ 17ರಂದು ಕೋಲ್ಕತ್ತ ವಿರುದ್ಧದ ಪಂದ್ಯದಲ್ಲಿ ಒಂದು ಬಾಲ್ ಕೂಡ ಬೀಳಲಿಲ್ಲ, ಅದಕ್ಕೆ ರಿಫಂಡ್ ಸಿಕ್ಕಿತು.

ಪ್ರಶ್ನೆ: ಬ್ಲ್ಯಾಕ್‌ನಲ್ಲಿ ಕೊಂಡ ಟಿಕೆಟ್. ಗೇಟ್‌ನಲ್ಲಿ ‘ಈಗಾಗಲೇ ಸ್ಕ್ಯಾನ್ ಆಗಿದೆ’ ಅಂದರು. ಆಯೋಜಕರ ಮೇಲೆ ಕೇಸು ಹಾಕಬಹುದೇ?

ಉತ್ತರ: ಅವರಿಗೆ ನೀವು ದುಡ್ಡೇ ಕೊಟ್ಟಿಲ್ಲ. ಮಾರಿದವನ ಮೇಲೆ ಪೊಲೀಸ್ ದೂರು ಕೊಡಿ.

ಪ್ರಶ್ನೆ: ಪುಕ್ಕಟೆ ಪಾಸ್ ಸಿಕ್ಕಿತ್ತು, ಆದರೆ ಕುರ್ಚಿ ಸಿಗಲಿಲ್ಲ.

ಉತ್ತರ: ಮುಂದಿನ ಪ್ರಶ್ನೆ.

ಪ್ರಶ್ನೆ: ಊರಲ್ಲಿ ಟಿಕೆಟ್ ಇಟ್ಟು ಮಾಡಿದ ಯಕ್ಷಗಾನ. ಕರಪತ್ರದಲ್ಲಿ ದೊಡ್ಡದಾಗಿ ಹೆಸರಿದ್ದ ಭಾಗವತರು ಬರಲಿಲ್ಲ. 300 ರೂಪಾಯಿ ಕೇಳಬಹುದೇ?

ಉತ್ತರ: ಕೇಳಬಹುದು, ಆ ಹೆಸರು ನೋಡಿಯೇ ದುಡ್ಡು ಕೊಟ್ಟಿದ್ದೀರಿ. ಆದರೆ ಕರಪತ್ರದ ಕೆಳಗೆ ಸಣ್ಣಕ್ಷರದಲ್ಲಿ ‘ಕಲಾವಿದರಲ್ಲಿ ಬದಲಾವಣೆ ಸಾಧ್ಯ’ ಎಂದಿದೆಯಾ ನೋಡಿ. ಭಾಗವತರಿಗೆ ಹುಷಾರಿರಲಿಲ್ಲವೋ, ಅಥವಾ ಅವರನ್ನು ಕೇಳದೆಯೇ ಹೆಸರು ಹಾಕಿದ್ದರೋ ವಿಚಾರಿಸಿ. ಕೇಳದೇ ಹಾಕಿದ್ದರೆ ಅದು ಮೋಸ. ಎರಡರಲ್ಲಿ ಯಾವುದಾದರೂ 300 ರೂಪಾಯಿಗೆ ಬಸ್ಸು ಹತ್ತಿ ಆಯೋಗಕ್ಕೆ ಬರಬೇಡಿ. ಸಂಘಟಕರ ಮನೆ ನಿಮ್ಮ ಊರಲ್ಲೇ ಇದೆ. ಬೆಳಗ್ಗೆ ಹೋಗಿ, ಕರಪತ್ರ ಕೈಯಲ್ಲಿ ಹಿಡಿದು ಕೇಳಿ.